ಎಲ್ಲಾ ಬಿಟ್ಟು ಹೋಗ್ದೆ, ಆಫೀಸು ಸಂಸಾರದ ಮಧ್ಯೆನೇ ಅಧ್ಯಾತ್ಮ ಸಾಧ್ಯಾನಾ?

ನೀವು ಕೇಳಿರೋದು, ಬೆಳಗ್ಗೆ ಎಂಟಕ್ಕೆ ಮನೆ ಬಿಟ್ರೆ ರಾತ್ರಿ ಎಂಟಕ್ಕೆ ವಾಪಸ್ ಬರ್ತೀನಿ, ಇದ್ರಲ್ಲಿ ಅಧ್ಯಾತ್ಮಕ್ಕೆ ಟೈಮ್ ಎಲ್ಲಿ, ಯಾವ ಆ್ಯಪ್ ಹಾಕ್ಕೊಳ್ಲಿ, ಯಾವ ಗುರು ಹಿಡೀಲಿ ಅಂತ. ಆ್ಯಪ್ ವಿಷಯ ನನ್ನ ಕೇಳ್ಬೇಡಿ, ಮೂರು ಹಾಕ್ಕೊಂಡು ಮೂರೂ ತೆಗ್ದಿದೀನಿ, ಶಾಂತವಾಗಿರಿ ಅಂತ ನೋಟಿಫಿಕೇಶನ್ ಬಂದಾಗೆಲ್ಲ ಸಿಟ್ಟು ಬರೋದು. ನಾನು ಅಕೌಂಟ್ಸ್ ಕೆಲಸದವನು, ಬೆಂಗಳೂರಿನ ದಾಸರಹಳ್ಳಿಲಿ ಮನೆ, ಎಂ.ಜಿ. ರೋಡ್ ಹತ್ರ ಆಫೀಸು, ಇಬ್ರು ಮಕ್ಳು, ಒಂದು ಹೋಮ್ ಲೋನು. ಅಂದ್ರೆ ನಿಮ್ ಥರಾನೇ.

2018ರಲ್ಲಿ ನಾನೂ ಇದೇ ಪ್ರಶ್ನೆ ಇಟ್ಕೊಂಡು ವಿಪಶ್ಯನ ಅನ್ನೋ ಧ್ಯಾನದ ಶಿಬಿರಕ್ಕೆ ಹೋದೆ. ತುಮಕೂರು ರಸ್ತೆ ಕಡೆ ಆಲೂರಲ್ಲಿ ಸೆಂಟರ್ ಇದೆ. ಹತ್ತು ದಿನ, ಫೀಸ್ ಇಲ್ಲ, ಮುಗಿದ್ಮೇಲೆ ಮನಸ್ಸಿದ್ರೆ ದಾನ ಕೊಡ್ಬಹುದು. ಫೋನ್ ಇಸ್ಕೊಂಡ್ಬಿಡ್ತಾರೆ, ಮಾತಾಡಂಗಿಲ್ಲ, ಓದಂಗಿಲ್ಲ, ಬರಿಯಂಗಿಲ್ಲ, ಬೆಳಗಿನ ಜಾವ ನಾಲ್ಕಕ್ಕೆ ಗಂಟೆ ಹೊಡೀತಾರೆ. ಮೊದಲ ಮೂರು ದಿನ ಬರೀ ಉಸಿರು ನೋಡ್ತಾ ಕೂರೋದು, ನಾಲ್ಕನೇ ದಿನದಿಂದ ಮೈಯಲ್ಲಿ ಎಲ್ಲೆಲ್ಲಿ ಏನೇನ್ ಆಗ್ತಿದೆ ಅಂತ ತಲೆಯಿಂದ ಕಾಲ್ತನಕ ಗಮನಿಸೋದು, ನನಗೆ ಆಗ್ತಿದ್ದಿದ್ದು ಒಂದೇ, ಮೊಣಕಾಲು ನೋವು. ಆದ್ರೂ ಎಂಟನೇ ದಿನದ ಹೊತ್ತಿಗೆ ಏನೋ ಒಂಥರಾ ತಿಳಿಯಾಯ್ತು, ನಾನು ಬದಲಾದೆ ಅಂತ್ಲೇ ಅಂದ್ಕೊಂಡೆ. ಹನ್ನೊಂದನೇ ದಿನ ಹೊರಗ್ ಬಂದು ಆಟೋ ಹತ್ತಿದ್ರೆ ಮೀಟರ್ ಮೇಲೆ ಐವತ್ತು ಕೇಳ್ದ ನೋಡಿ, ರಸ್ತೇಲಿ ನಿಂತು ಕೂಗಾಡ್ಬಿಟ್ಟೆ, ಹತ್ತು ದಿನ ಬಾಯ್ ಮುಚ್ಕೊಂಡಿದ್ದಕ್ಕೆಲ್ಲ ಸೇರಿಸಿ.

ಹಾಗಂತ ದಂಡ ಆಯ್ತು ಅಂತಲ್ಲ. ಅಲ್ಲಿ ಕಲಿಸೋದು ಗೋಯೆಂಕಾ ಅವರ ಪದ್ಧತಿ, ಅವರು ಬರ್ಮಾದಲ್ಲಿ ಬಿಸಿನೆಸ್ ಮಾಡ್ಕೊಂಡಿದ್ದವರು, ಮೈಗ್ರೇನ್ ತಡೀಲಾರ್ದೆ ಧ್ಯಾನಕ್ಕೆ ಬಂದವರು. ಅವರಿಗೆ ಕಲಿಸಿದ ಊ ಬಾ ಖಿನ್ ಯಾರು ಗೊತ್ತಾ? 1948ರಲ್ಲಿ ಬರ್ಮಾಕ್ಕೆ ಸ್ವಾತಂತ್ರ್ಯ ಬಂದಾಗ ಅಲ್ಲಿನ ಅಕೌಂಟೆಂಟ್ ಜನರಲ್! ಸರ್ಕಾರಿ ಲೆಕ್ಕಪತ್ರ ನೋಡ್ಕೊಂಡೇ ಆಫೀಸಲ್ಲಿ ಸಿಬ್ಬಂದಿಗೆ ಧ್ಯಾನ ಹೇಳ್ಕೊಡ್ತಿದ್ರಂತೆ. ಇದು ಗೊತ್ತಾದ್ಮೇಲೆ ಅಕೌಂಟ್ಸ್ ಕೆಲಸ ಬಿಟ್ಟು ಹಿಮಾಲಯಕ್ಕೆ ಹೋಗ್ಬೇಕು ಅನ್ನೋ ನನ್ನ ಹಳೇ ಕನಸು ಸತ್ತೋಯ್ತು. ಈಗ ಮೆಟ್ರೋದಲ್ಲಿ ಯಶವಂತಪುರದಿಂದ ಮೆಜೆಸ್ಟಿಕ್ ತನಕ ಫೋನ್ ತೆಗಿಯಲ್ಲ, ಉಸಿರು ನೋಡ್ಕೊಂಡು ನಿಂತಿರ್ತೀನಿ. ಸಂಪಿಗೆ ರೋಡ್ ದಾಟಿ ರೈಲು ನೆಲದೊಳಗೆ ಹೋಗೋವಾಗ ಕಿವಿ ತುಂಬೋ ಸದ್ದು ಬರುತ್ತಲ್ಲ, ಅಷ್ಟ್ರಲ್ಲಿ ಮನಸ್ಸು ಇಪ್ಪತ್ತು ಕಡೆ ಓಡೋಗಿ ಬಂದಿರುತ್ತೆ. ಇರ್ಲಿ, ಓಡೋಯ್ತು ಅಂತಾದ್ರೂ ಗೊತ್ತಾಗುತ್ತೆ.

ಆದ್ರೆ ನನ್ನಲ್ಲಿ ಏನಾದ್ರೂ ನಿಜವಾಗ್ಲೂ ಬದಲಾಗಿದ್ರೆ ಅದು ಕಣ್ಣು ಮುಚ್ಚಿ ಕೂತು ಆಗಿದ್ದಲ್ಲ. ನಮ್ಮ ಆಫೀಸ್ ಗೋಡೆ ಮೇಲೆ 'ಕಾಯಕವೇ ಕೈಲಾಸ' ಅಂತ ದೊಡ್ಡ ಬೋರ್ಡಿದೆ, ಮಾರ್ಚ್ ಬಂತು ಅಂದ್ರೆ ಅದರ ಕೆಳಗೇ ರಾತ್ರಿ ಹನ್ನೊಂದರ ತನಕ ಕೂರಿಸ್ತಾರೆ. ಕಾಯಕ ಅಂದ್ರೆ ಜಾಸ್ತಿ ದುಡಿ ಅಂತ ಅರ್ಥ ಮಾಡ್ಕೊಂಡಿದಾರೆ, ನಾನೂ ಹಾಗೇ ಅಂದ್ಕೊಂಡಿದ್ದೆ. ಒಂದಿನ ಮಗಳಿಗೆ ಸ್ಕೂಲಲ್ಲಿ ವಚನಕಾರ್ತಿಯರ ಬಗ್ಗೆ ಮಾತಾಡೋದಿತ್ತು, ರೆಡಿ ಮಾಡಿಸ್ತಾ ಆಯ್ದಕ್ಕಿ ಲಕ್ಕಮ್ಮನ ಕಥೆ ಹೇಳ್ಕೊಟ್ಟೆ. ಕಥೆ ನಿಮಗೂ ಗೊತ್ತಿರುತ್ತೆ. 12ನೇ ಶತಮಾನದ ಕಲ್ಯಾಣ, ಬಸವಣ್ಣನ ಮನೆ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ಕೊಂಡು ಬರೋದು ಗಂಡ ಮಾರಯ್ಯನ ಕಾಯಕ, ಅದನ್ನ ಬೇಯಿಸಿ ಜಂಗಮರಿಗೆ ಬಡಿಸಿ ಇವರೂ ಉಣ್ಣೋದು. ಒಂದಿನ ಅವನು ದಿನಕ್ಕಿಂತ ಜಾಸ್ತಿ ಅಕ್ಕಿ ತಂದ. ಖುಷಿಪಡೋದ್ ಬಿಟ್ಟು ಅವಳು, ಆಸೆ ಅನ್ನೋದು ಅರಸರಿಗೆ, ನಮಗ್ಯಾಕೆ, ಎಲ್ಲಿಂದ ತಂದ್ಯೋ ಅಲ್ಲೇ ಸುರಿದು ಬಾ ಅಂತ ವಾಪಸ್ ಕಳಿಸ್ತಾಳೆ.

ಮಗಳು ಕೇಳಿದ್ಲು, "ಅಪ್ಪಾ, ಕೆಳಗ್ ಬಿದ್ದಿರೋ ಅಕ್ಕಿ ತಾನೇ, ಅದು ಕಳ್ಳತನ ಅಲ್ವಲ್ಲ?"

ಉತ್ರ ಕೊಡಕ್ಕಾಗ್ಲಿಲ್ಲ. ಯಾಕಂದ್ರೆ ಅವತ್ತೇ ಮಧ್ಯಾಹ್ನ ನಾನು ಟೂರ್ ಬಿಲ್ ಕ್ಲೇಮ್ ಹಾಕಿದ್ದೆ, ಬಸ್ಸಲ್ಲಿ ಓಡಾಡಿ ಟ್ಯಾಕ್ಸಿ ಅಂತ ಬರ್ದಿದ್ದೆ, ಆರುನೂರು ಚಿಲ್ರೆ ಜಾಸ್ತಿ. ಎಲ್ಲರೂ ಹಾಕ್ತಾರೆ, ಹೇಗೂ ಕಂಪನಿ ದುಡ್ಡು ಕೆಳಗ್ ಬಿದ್ದಿರೋ ಹಂಗೇ ಅಲ್ವಾ. ಬೇರೆಯವರ ಬಿಲ್ ಚೆಕ್ ಮಾಡೋನೇ ನಾನು, ಅದು ಬೇರೆ. ರಾತ್ರಿ ನಿದ್ದೆ ಬರ್ಲಿಲ್ಲ ಅಂತ ಹೇಳಿದ್ರೆ ಸುಳ್ಳು, ಚೆನ್ನಾಗೇ ಮಲಗಿದ್ದೆ, ಆದ್ರೆ ಮಾರನೇ ದಿನ ಹೋಗಿ ಆ ಕ್ಲೇಮ್ ವಾಪಸ್ ತಗೊಂಡು ಸರಿ ಮಾಡಿ ಹಾಕ್ದೆ. ಪಕ್ಕದ ಸೀಟಿನವನು ಏನ್ ಸಾರ್, ಆಡಿಟ್ ಬರ್ತಿದ್ಯಾ ಅಂತ ಗಾಬರಿ ಬಿದ್ದ.

ಅವತ್ತಿಂದ ನನ್ನ ಸಾಧನೆ ಅಂತ ಇರೋದು ಇದೊಂದೇ, ಜಾಸ್ತಿ ಅಕ್ಕಿ ಎಲ್ಲೆಲ್ಲಿ ತರ್ತಿದೀನಿ ಅಂತ ನೋಡೋದು. ಬಿಲ್ ಬಿಟ್ಟಿದ್ದು ಸುಲಭ. ಮೀಟಿಂಗಲ್ಲಿ ಜೂನಿಯರ್ ಮಾಡಿದ ಕೆಲಸನ 'ನಾವು ಮಾಡಿದ್ವಿ' ಅನ್ನೋದು ಬಿಡಕ್ಕೆ ಎರಡು ವರ್ಷ ಹಿಡೀತು. ಹೆಂಡತಿ ಜೊತೆ ಜಗಳದಲ್ಲಿ ಕೊನೇ ಮಾತು ನಂದೇ ಆಗ್ಬೇಕು ಅನ್ನೋದು ಇನ್ನೂ ಹೋಗಿಲ್ಲ, ನಮ್ಮ ಚಿಕ್ಕಪ್ಪನ ಮಗ ಸೈಟ್ ತಗೊಂಡಾಗ ಹೊಟ್ಟೆ ಉರಿದಿದ್ದೂ ನಿಜ.

ಗುರು ಯಾರು ಅಂತ ನೀವು ಕೇಳಿದ್ರಿ. ಎಂಟುನೂರು ವರ್ಷದ ಹಿಂದಿನ ಆ ಯಮ್ಮ ಸಾಕು ನನಗೆ. ನಿಮಗೆ ಹತ್ತು ದಿನ ರಜೆ ಸಿಗೋ ಹಾಗಿದ್ರೆ ಶಿಬಿರಕ್ಕೂ ಹೋಗ್ಬನ್ನಿ, ಬೇಡ ಅನ್ನಲ್ಲ. ಮೊಣಕಾಲು ನೋವಿದ್ರೆ ಮೊದಲೇ ಹೇಳಿ ಕುರ್ಚಿ ಕೇಳಿ, ನಾನು ಮರ್ಯಾದೆಗೆ ಅಂಜಿ ಆರು ದಿನ ಕೇಳಿರ್ಲಿಲ್ಲ.