ಹಾಡು ಹಿಟ್ ಆಯ್ತು, ಆದರೆ ಹಾಡು ಯಾರದು?

ಪ್ರಶ್ನೆ: ಅಣ್ಣಾರೆ, ನಾವು ನಾಲ್ಕು ಜನ ಕಲಬುರಗಿಯಲ್ಲಿ ಇಂಜಿನಿಯರಿಂಗ್ ಓದುತ್ತಾ ಒಂದು ರಾಕ್ ಬ್ಯಾಂಡ್ ಕಟ್ಟಿದ್ದೇವೆ. ಮೊನ್ನೆ ರೂಮಿನಲ್ಲಿ ಟಾಮ್ ಹ್ಯಾಂಕ್ಸ್ ಅವರ ‘ದಟ್ ಥಿಂಗ್ ಯೂ ಡೂ!’ ಸಿನಿಮಾ ನೋಡಿದೆವು. ನಕ್ಕು ನಕ್ಕು ಹೊಟ್ಟೆ ನೋವು ಬಂತು. ಆದರೆ ಅಷ್ಟು ಹಿಟ್ ಆದ ಬ್ಯಾಂಡ್ ಯಾಕೆ ಒಡೆದು ಹೋಯ್ತು ಅಂತ ಈಗ ನಮ್ಮಲ್ಲೇ ಜಗಳ. ಹಾಡು ಬರೆದವನ ಸೊಕ್ಕು ಅಂತ ಇಬ್ಬರು, ಕಂಪನಿಯದೇ ತಪ್ಪು ಅಂತ ಇಬ್ಬರು. ನೀವೇನಂತೀರಿ?
— ಓದುಗ, ಕಲಬುರಗಿ

ಉತ್ತರ: ತಮ್ಮಾ, ನಾನು ಹಾಡು ಬರೆದವನ ಕಡೆ. ಅವನಿಗೆ ಸೊಕ್ಕಿದೆ, ಇಲ್ಲ ಅನ್ನೋದಿಲ್ಲ. ಆದರೂ ಅವನ ಕಡೆ.

ಕತೆ ನಡೆಯೋದು 1964ರಲ್ಲಿ, ಅಮೆರಿಕದ ಪೆನ್ಸಿಲ್ವೇನಿಯಾದ ಈರಿ ಅನ್ನೋ ಊರಲ್ಲಿ. ಅದೇ ವರ್ಷ ಫೆಬ್ರವರಿಯಲ್ಲಿ ಬೀಟಲ್ಸ್ ಅಮೆರಿಕಕ್ಕೆ ಬಂದಿದ್ದರು, ಊರೂರಲ್ಲಿ ಹುಡುಗರು ಗಿಟಾರ್ ಹಿಡಿದು ನಿಂತಿದ್ದ ಕಾಲ ಅದು. ಬ್ಯಾಂಡಿನ ಹಾಡುಗಾರ ಜಿಮ್ಮಿ ಬರೆದಿದ್ದು ನಿಧಾನದ ಹಾಡು. ಬ್ಯಾಂಡಿನ ಡ್ರಮ್ಮರ್ ಪಾರ್ಕಿಂಗ್ ಮೀಟರ್ ಹಾರಲು ಹೋಗಿ ಕೈ ಮುರಿದುಕೊಳ್ಳುತ್ತಾನೆ. ಅವನ ಜಾಗಕ್ಕೆ, ಅಪ್ಪನ ಎಲೆಕ್ಟ್ರಿಕ್ ಸಾಮಾನಿನ ಅಂಗಡಿಯಲ್ಲಿ ಕೆಲಸ ಮಾಡೋ ಗೈ ಬರುತ್ತಾನೆ. ವೇದಿಕೆ ಹತ್ತಿದ ಮೇಲೆ ಗೈ ಏನು ಮಾಡಿದ ನೋಡಿದಿರಲ್ಲ? ಯಾರನ್ನೂ ಕೇಳದೆ ತಾಳ ಏರಿಸಿಬಿಟ್ಟ. ಜಿಮ್ಮಿ ಹಾಡುತ್ತಲೇ ಹಿಂದೆ ತಿರುಗಿ ನಿಧಾನ ಮಾಡು ಅನ್ನೋ ಹಾಗೆ ನೋಡುತ್ತಾನೆ, ಗೈ ಬಿಡೋದಿಲ್ಲ, ಅಷ್ಟರಲ್ಲಿ ಕೆಳಗೆ ಕೂತ ಹುಡುಗ ಹುಡುಗಿಯರು ಎದ್ದು ಕುಣಿಯೋಕೆ ಶುರು ಮಾಡಿರುತ್ತಾರೆ. ನನ್ನ ಪ್ರಕಾರ ಬ್ಯಾಂಡ್ ಹಿಟ್ ಆಗಿದ್ದೂ ಅಲ್ಲೇ, ಬಿರುಕು ಬಿಟ್ಟಿದ್ದೂ ಅಲ್ಲೇ. ಬರೆದವನು ಒಬ್ಬ, ಓಡಿಸಿದವನು ಇನ್ನೊಬ್ಬ. ಹಾಡು ಯಾರದು ಅಂತ ಆ ಹುಡುಗರು ಒಂದು ದಿನವೂ ಕೂತು ಮಾತಾಡಲಿಲ್ಲ.

ಆಮೇಲೆ ಪ್ಲೇ-ಟೋನ್ ಅನ್ನೋ ರೆಕಾರ್ಡ್ ಕಂಪನಿ ಬಂತು. ಬ್ಯಾಂಡಿನ ಹೆಸರಿನ ಸ್ಪೆಲಿಂಗ್ ಬದಲಾಯ್ತು, ಎಲ್ಲರಿಗೂ ಒಂದೇ ಥರದ ಸೂಟ್ ಬಂತು, ಡ್ರಮ್ಮರ್ ಕಣ್ಣಿಗೆ ಕಪ್ಪು ಕನ್ನಡಕ ಬಂತು. ಇದಕ್ಕೆಲ್ಲ ಯಾರೂ ಬೇಡ ಅನ್ನಲಿಲ್ಲ. ಸ್ಟುಡಿಯೋದಲ್ಲಿ ಜಿಮ್ಮಿ ನನ್ನ ಹೊಸ ಹಾಡು ರೆಕಾರ್ಡ್ ಮಾಡೋಣ ಅಂದಾಗ ಮಾತ್ರ, ಮೊದಲು ಕಂಪನಿಯ ಹಾಡು ಹಾಡಿ, ನೀವು ಸಹಿ ಹಾಕಿದ್ದೇ ಅದಕ್ಕೆ ಅಂತ ಉತ್ತರ ಬಂತು. ಜಿಮ್ಮಿ ಎದ್ದು ಹೋದ. ಒಂದೇ ಒಂದು ಹಿಟ್ ಕೊಟ್ಟು ಬ್ಯಾಂಡ್ ಮುಗೀತು. ಕಂಪನಿ ಕಡೆಯಿಂದ ಬ್ಯಾಂಡ್ ನೋಡಿಕೊಳ್ಳೋ ಮಿಸ್ಟರ್ ವೈಟ್ ಪಾತ್ರವನ್ನು ಟಾಮ್ ಹ್ಯಾಂಕ್ಸ್ ಖಳನಾಗಿ ಮಾಡಲಿಲ್ಲ, ಅದು ನನಗೆ ತುಂಬಾ ಹಿಡಿಸಿತು. ಆ ಮನುಷ್ಯ ಸುಳ್ಳು ಹೇಳಲಿಲ್ಲ. ಕಾಗದದಲ್ಲಿ ಇದ್ದಿದ್ದನ್ನೇ ಹೇಳಿದ. ಹುಡುಗರು ಕಾಗದ ಓದಿರಲಿಲ್ಲ, ಅಷ್ಟೇ.

ಪ್ರಶ್ನೆ: ಅದು ನಿಜವಾದ ಬ್ಯಾಂಡಾ? ಹಾಡು ಹಳೇ ಕಾಲದ್ದೇ ಅನ್ನಿಸುತ್ತದೆ.
— ಓದುಗಳು, ಬೀದರ್

ಉತ್ತರ: ಇಲ್ಲಮ್ಮ, ಎಲ್ಲಾ ಕಲ್ಪನೆ. ಸಿನಿಮಾ 1996ರದ್ದು, ಹಾಡನ್ನೂ ಸಿನಿಮಾಕ್ಕಂತಲೇ ಆ್ಯಡಂ ಶ್ಲೆಸಿಂಜರ್ ಬರೆದರು. ಜಿಮ್ಮಿಗೆ ದನಿ ಕೊಟ್ಟವರು ಮೈಕ್ ವಯೋಲಾ. ಹಾಡು ಆಸ್ಕರ್‌ಗೆ ನಾಮನಿರ್ದೇಶನ ಆಗಿತ್ತು. ಸಿನಿಮಾದಲ್ಲಿ ಅದು ಎಷ್ಟು ಸಲ ಬರುತ್ತದೋ, ಒಂದು ಸಲವೂ ಬೇಜಾರಾಗೋದಿಲ್ಲ, ಅಲ್ವಾ? ಶ್ಲೆಸಿಂಜರ್ 2020ರಲ್ಲಿ ಕೋವಿಡ್‌ಗೆ ಬಲಿಯಾದರು. ಆ ಸುದ್ದಿ ಓದಿದ ದಿನ ನಾನು ಮತ್ತೆ ಅದೇ ಹಾಡು ಹಾಕಿಕೊಂಡು ಕೂತಿದ್ದೆ.

ಪ್ರಶ್ನೆ: ನಮ್ಮ ಬ್ಯಾಂಡ್ ಕಡಕೋಳ ಮಡಿವಾಳಪ್ಪನವರ ತತ್ವಪದಕ್ಕೆ ಗಿಟಾರ್, ಡ್ರಮ್ಸ್ ಕೂಡಿಸಿ ಹಾಡುತ್ತದೆ. ಎರಡು ಹಾಡು ನಮ್ಮದೇ ಸ್ವಂತ. ಒಂದು ಕಂಪನಿಯವರು ಕಾಗದ ಕಳಿಸಿದ್ದಾರೆ, ‘ಎಲ್ಲಾ ಹಕ್ಕು ನಮಗೆ’ ಅಂತ ಇದೆ. ಸಹಿ ಹಾಕೋಣವಾ?
— ಓದುಗ, ಜೇವರ್ಗಿ

ಉತ್ತರ: ಈಗಲೇ ಬೇಡ. ಮೊದಲು ಇದನ್ನು ಓದಿ.

ತತ್ವಪದದ ಮಾತು ಯಾವ ಕಂಪನಿಯದೂ ಅಲ್ಲ. ನಮ್ಮ ಕಾಯ್ದೆಯಲ್ಲಿ ಬರೆದವರ ಹಕ್ಕು ಅವರು ತೀರಿಕೊಂಡ ಮೇಲೆ 60 ವರ್ಷ ಇರುತ್ತದೆ, ಆಮೇಲೆ ಅದು ಎಲ್ಲರ ಸೊತ್ತು. ಏಕತಾರಿ, ದಮ್ಮಡಿ ಹಿಡಿದು ನಿಮ್ಮೂರ ಭಜನೆಯವರು ಹಾಡೋ ಪದವನ್ನು ಯಾರೂ ಯಾರಿಗೂ ಮಾರೋಕೆ ಬರೋದಿಲ್ಲ. ನೀವು ಹೊಸದಾಗಿ ಹಾಕಿದ ಸಂಗೀತ ಮಾತ್ರ ನಿಮ್ಮದು. ರೆಕಾರ್ಡಿಂಗ್‌ನ ಹಕ್ಕು ಬೇರೆ, ಅದು ಮುಂದೆ ನಿಂತು ಜವಾಬ್ದಾರಿ ಹೊತ್ತು ಮಾಡಿಸಿದವರಿಗೆ ಹೋಗುತ್ತದೆ. ಹಾಗಾಗಿ ಸ್ಟುಡಿಯೋ ಬಾಡಿಗೆ ನೀವೇ ಕೂಡಿಸಿ ಕೊಟ್ಟು ನೀವೇ ಮಾಡಿಸಿದ್ದರೆ ಆ ರಸೀದಿ ಜೋಪಾನವಾಗಿ ಇಟ್ಟುಕೊಳ್ಳಿ.

ನಿಮ್ಮ ಸ್ವಂತ ಎರಡು ಹಾಡಿನ ವಿಷಯದಲ್ಲಿ 1957ರ ಕಾಪಿರೈಟ್ ಕಾಯ್ದೆ ನಿಮ್ಮ ಬೆನ್ನಿಗಿದೆ. ಹಕ್ಕು ಕೊಡೋದಾದರೆ ಬರವಣಿಗೆಯಲ್ಲಿ, ಸಹಿ ಹಾಕಿಯೇ ಕೊಡಬೇಕು, ಬಾಯಿಮಾತು ನಡೆಯೋದಿಲ್ಲ. ಎಷ್ಟು ವರ್ಷಕ್ಕೆ ಅಂತ ಬರೆದಿಲ್ಲದಿದ್ದರೆ 5 ವರ್ಷ ಅಂತಲೇ ಲೆಕ್ಕ, ಎಲ್ಲಿಗೆ ಅಂತ ಬರೆದಿಲ್ಲದಿದ್ದರೆ ಭಾರತಕ್ಕೆ ಮಾತ್ರ. 2012ರ ತಿದ್ದುಪಡಿ ಬಂದ ಮೇಲೆ ಇನ್ನೂ ಒಂದು ಬಲ ಸಿಕ್ಕಿತು. ಸಾಹಿತ್ಯ ಬರೆದವರ, ಸಂಗೀತ ಹಾಕಿದವರ ರಾಯಲ್ಟಿ ಪಾಲನ್ನು, ಅಂದರೆ ಹಾಡು ಬಳಸಿದಾಗ ಬರೋ ದುಡ್ಡಿನ ಪಾಲನ್ನು, ಕಂಪನಿ ಬರೆಸಿಕೊಂಡರೂ ಆ ಬರಹ ಕಾನೂನಿನ ಮುಂದೆ ನಿಲ್ಲೋದಿಲ್ಲ. ‘ಎಲ್ಲಾ ಹಕ್ಕು’ ಅನ್ನೋ ಸಾಲು ಎಷ್ಟೇ ದಪ್ಪ ಅಕ್ಷರದಲ್ಲಿ ಇರಲಿ, ಆ ಪಾಲು ನಿಮ್ಮದೇ.

ಕಂಪನಿಯ ಕಾಗದಕ್ಕಿಂತ ಮೊದಲು ನಿಮ್ಮ ನಿಮ್ಮಲ್ಲೇ ಒಂದು ಕಾಗದ ಆಗಲಿ. ಮಾತು ಯಾರದು, ಸ್ವರ ಯಾರದು, ದುಡ್ಡು ಬಂದರೆ ಹೇಗೆ ಹಂಚಿಕೊಳ್ಳೋದು, ಯಾರಾದರೂ ಬಿಟ್ಟು ಹೋದರೆ ಬ್ಯಾಂಡಿನ ಹೆಸರು ಯಾರ ಹತ್ತಿರ ಇರುತ್ತದೆ, ಎಲ್ಲಾ ಬರೆಯಿರಿ. ಸ್ನೇಹಿತರ ನಡುವೆ ಇದೆಲ್ಲ ಯಾಕೆ ಅಂತ ಸಂಕೋಚ ಬೇಡ, ಹಾಡು ಓಡಿದ ಮೇಲೆ ಇದನ್ನು ಮಾತಾಡೋದು ತುಂಬಾ ಕಷ್ಟ. ಆಮೇಲೆ ಕಂಪನಿಯ ಕಾಗದವನ್ನು ಕೋರ್ಟಿನ ಹತ್ತಿರ ಒಬ್ಬ ವಕೀಲರಿಗೆ ತೋರಿಸಿ. ಬರೆದವರು, ಸಂಗೀತ ಹಾಕಿದವರು ಐಪಿಆರ್‌ಎಸ್‌ನಲ್ಲಿ ಸದಸ್ಯರಾಗಿ. ಬರೆದವರು, ಸಂಗೀತ ಹಾಕಿದವರ ಪರವಾಗಿ ರಾಯಲ್ಟಿ ವಸೂಲಿ ಮಾಡೋ ಸಂಸ್ಥೆ ಅದು, 1969ರಿಂದ ಇದೆ. ಸಹಿ ಹಾಕೋ ಮೊದಲು ಇನ್ನೇನಾದರೂ ಅನುಮಾನ ಇದ್ದರೆ ಕಾಗದದ ಒಂದು ನಕಲು ನಮಗೂ ಕಳಿಸಿ, ಓದಿ ಹೇಳುತ್ತೇನೆ.