ಬ್ರೇಕ್ ಕಮಾಂಡ್‌ನ ಫೈಲ್ ಆಪ್ಷನ್‌ಗೆ ಗ್ಲಾಬ್ ಇಡಲೋ, ರೆಜೆಕ್ಸ್ ಇಡಲೋ?

ನಿಮ್ಮದೇ ಒಂದು ಭಾಷೆ, ಅದು ಎಲ್‌ಎಲ್‌ವಿಎಂ ಅನ್ನುವ ಕಂಪೈಲರ್ ಸಲಕರಣೆಯ ಮೂಲಕ ಕಂಪೈಲ್ ಆಗುತ್ತದೆ, ಈಗ ಅದಕ್ಕೊಂದು ಡಿಬಗರ್ ಬರೆಯುತ್ತಿದ್ದೀರಿ. ಪ್ರೋಗ್ರಾಂ ಎಲ್ಲಿ ನಿಲ್ಲಬೇಕು ಅಂತ ಗುರುತು (ಬ್ರೇಕ್‌ಪಾಯಿಂಟ್) ಇಡುವ ಬ್ರೇಕ್ ಕಮಾಂಡ್‌ನಲ್ಲಿ ಒಂದೇ ಸಲ ಹಲವು ಫೈಲ್ ಹಿಡಿಯಲು ಯಾವ ಪ್ಯಾಟರ್ನ್ ಒಳ್ಳೆಯದು ಅಂತ ಕೇಳಿದ್ದೀರಿ. ಫೈಲ್ ಹೆಸರಿಗೆ ಗ್ಲಾಬ್ ಇಡಿ, ಅಂದರೆ ‘*’ ಇದ್ದಲ್ಲಿ ಏನು ಬಂದರೂ ಸರಿ ಅನ್ನುವ, ಶೆಲ್‌ನಲ್ಲಿ ಬಳಸುವ ಸರಳ ಪ್ಯಾಟರ್ನ್. ಫಂಕ್ಷನ್ ಹೆಸರಿಗೂ ಸೋರ್ಸ್ ಸಾಲಿಗೂ ರೆಜೆಕ್ಸ್ (ರೆಗ್ಯುಲರ್ ಎಕ್ಸ್‌ಪ್ರೆಶನ್) ಇಡಿ; ಅದು ಇನ್ನೂ ಹೆಚ್ಚು ನಿಯಮಗಳಿರುವ ಪ್ಯಾಟರ್ನ್, ಅಲ್ಲಿ ‘*’ ಅಂದರೆ ಹಿಂದಿನ ಅಕ್ಷರ ಎಷ್ಟು ಸಲವಾದರೂ. ಎರಡಕ್ಕೂ ಬೇರೆ ಬೇರೆ ಆಪ್ಷನ್ ಇರಲಿ. ಕೊಟ್ಟದ್ದು ಯಾವುದು ಅಂತ ಡಿಬಗರ್ ಊಹೆ ಮಾಡುವುದು ಬೇಡವೇ ಬೇಡ.

ಈ ಗೊಂದಲದಲ್ಲಿ ನಾನೇ ಒಂದು ಮಧ್ಯಾಹ್ನ ಕಳೆದುಕೊಂಡಿದ್ದೇನೆ. ಜಿಡಿಬಿ ಅನ್ನುವ ಡಿಬಗರ್‌ನಲ್ಲಿ ‘ಆರ್‌ಬ್ರೇಕ್ ಪಾರ್ಸ್_*’ ಅಂತ ಹೊಡೆದೆ; ಹೊಂದುವ ಫಂಕ್ಷನ್‌ಗಳಿಗೆಲ್ಲ ಬ್ರೇಕ್‌ಪಾಯಿಂಟ್ ಇಡುವ ಕಮಾಂಡ್ ಅದು. ‘ಪಾರ್ಸ್_’ ಇಂದ ಶುರುವಾಗುವ ಫಂಕ್ಷನ್‌ಗಳು ಮಾತ್ರ ಸಿಗುತ್ತವೆ ಅಂತ ನನ್ನ ಲೆಕ್ಕ. ಪರದೆ ತುಂಬ ಬ್ರೇಕ್‌ಪಾಯಿಂಟ್ ಸುರಿದವು. ಸಂಬಂಧವೇ ಇಲ್ಲದ ಮ್ಯಾಟ್ರಿಕ್ಸ್ ಕೋಡಿನ ‘ಸ್ಪಾರ್ಸ್_ಇನಿಟ್’ ಕೂಡ ಬಂತು. ಇಂಗ್ಲಿಷ್ ಸ್ಪೆಲ್ಲಿಂಗ್‌ನಲ್ಲಿ ‘ಸ್ಪಾರ್ಸ್’ನ ಮೊದಲ ಎಸ್ ತೆಗೆದರೆ ಉಳಿಯುವುದು ‘ಪಾರ್ಸ್’ ಅಲ್ವಾ! ಆರ್‌ಬ್ರೇಕ್ ಓದುವುದು ಗ್ರೆಪ್ (ಪಠ್ಯದಲ್ಲಿ ಹುಡುಕುವ ಕಮಾಂಡ್) ಥರದ ರೆಜೆಕ್ಸ್. ಅಲ್ಲಿ ‘_*’ ಅಂದರೆ ಅಂಡರ್‌ಸ್ಕೋರ್ ಒಂದೂ ಇಲ್ಲದಿದ್ದರೂ ಸರಿ. ಎರಡೂ ತುದಿಗೆ ‘.*’ (ಏನು ಬಂದರೂ ಸರಿ) ಇದೆ ಅಂತಲೂ ಅದು ತಾನೇ ಅಂದುಕೊಳ್ಳುತ್ತದೆ. ನಾನು ಹೊಡೆಯಬೇಕಿದ್ದದ್ದು ‘^ಪಾರ್ಸ್_’; ‘^’ ಅಂದರೆ ಹೆಸರಿನ ಶುರು.

ಫೈಲ್ ಹೆಸರಿನಲ್ಲಿ ಈ ಕಾಟ ಇನ್ನೂ ಜಾಸ್ತಿ. ಹೆಚ್ಚುಕಡಿಮೆ ಪ್ರತಿ ಹೆಸರಲ್ಲೂ ಒಂದು ಚುಕ್ಕಿ ಇರುತ್ತದೆ, ರೆಜೆಕ್ಸ್‌ಗೆ ಚುಕ್ಕಿ ಅಂದರೆ ಯಾವ ಅಕ್ಷರವಾದರೂ ಆಯಿತು. ದಿನವಿಡೀ ಶೆಲ್‌ನಲ್ಲಿ ‘*.ಸಿ’ ಹೊಡೆಯುವ ಕೈಗೆ ಗ್ಲಾಬೇ ರೂಢಿ. ಒಳಗೆ ಹೋಗದೆ ದಾಟಬೇಕಾದ ಕೋಡ್ ಯಾವುದು ಅಂತ ಹೇಳುವ ಜಿಡಿಬಿಯ ಸ್ಕಿಪ್ ಕಮಾಂಡ್ ನೋಡಿ: ಒಂದು ಫೈಲ್‌ಗೆ ‘-ಎಫ್‌ಐ’, ಫೈಲ್ ಗ್ಲಾಬ್‌ಗೆ ‘-ಜಿಎಫ್‌ಐ’, ಫಂಕ್ಷನ್ ರೆಜೆಕ್ಸ್‌ಗೆ ‘-ಆರ್‌ಎಫ್‌ಯು’. ಯಾವುದು ಏನು ಅಂತ ಹೆಸರಲ್ಲೇ ಗೊತ್ತಾಗುತ್ತದೆ. ನನಗೆ ತುಂಬಾ ಇಷ್ಟವಾದ ವಿನ್ಯಾಸ ಇದು.

ಗ್ಲಾಬ್ ಅಂತ ತೀರ್ಮಾನವಾದ ಮೇಲೆ ನಿಜವಾದ ಕೆಲಸ ಶುರು. ‘*’ ಸ್ಲ್ಯಾಶ್ ದಾಟಬಾರದು. ಗ್ಲಾಬ್ ಹೋಲಿಸುವ, ಸಿ ಲೈಬ್ರರಿಯ ಎಫ್‌ಎನ್‌ಮ್ಯಾಚ್ ಫಂಕ್ಷನ್‌ಗೆ ಪಾತ್‌ನೇಮ್ ಫ್ಲ್ಯಾಗ್ ಕೊಟ್ಟರೆ ಇಷ್ಟು ಸಿಗುತ್ತದೆ. ಫೋಲ್ಡರ್ ದಾಟುವ ‘**’ ಬೇಕಿದ್ದರೆ ನೀವೇ ಬರೆದುಕೊಳ್ಳಬೇಕು.

ಪಾತ್ ಅನ್ನು ಬಲಗಡೆಯಿಂದ ಹೋಲಿಸಿ. ಕಂಪೈಲರ್ ಡಿಬಗರ್‌ಗಾಗಿ ಬರೆದಿಡುವ ಡ್ವಾರ್ಫ್ ಮಾಹಿತಿಯಲ್ಲಿ ಸಾಮಾನ್ಯವಾಗಿ ಇರುವುದು ಬಿಲ್ಡ್ ಆದ ಮಷೀನಿನ ಪಾತ್. ನಿಮ್ಮ ಲ್ಯಾಪ್‌ಟಾಪಿನಲ್ಲಿ ಆ ಫೋಲ್ಡರೇ ಇಲ್ಲದಿರಬಹುದು. ‘ನೆಟ್/ಯುಟಿಲ್.ಸಿ’ ಅಂತ ಕೊಟ್ಟರೆ ಕೊನೆಯ ಎರಡು ಭಾಗ ಹೊಂದಿದರೆ ಸಾಕು. ಆದರೆ ಭಾಗ ಭಾಗವಾಗಿಯೇ ಹೋಲಿಸಬೇಕು. ಸುಮ್ನೆ ಅಕ್ಷರಗಳ ಕೊನೆ ನೋಡಿದರೆ ‘ಪ್ಲಾನೆಟ್/ಯುಟಿಲ್.ಸಿ’ ಕೂಡ ಒಳಗೆ ನುಸುಳುತ್ತದೆ.

ಇನ್ನು ಪ್ಯಾಟರ್ನ್ ಹತ್ತು ಕಡೆ ಹೊಂದಿದರೆ ಏನು ಮಾಡಬೇಕು? ಆರ್‌ಬ್ರೇಕ್ ಹತ್ತು ಬೇರೆ ಬೇರೆ ಬ್ರೇಕ್‌ಪಾಯಿಂಟ್ ಮಾಡಿ, ಪ್ಯಾಟರ್ನ್ ಮರೆತುಬಿಡುತ್ತದೆ. ಆಮೇಲೆ ಲೋಡ್ ಆದ ಲೈಬ್ರರಿಯಲ್ಲಿ ಹೊಂದುವ ಫಂಕ್ಷನ್ ಇದ್ದರೂ ಅಲ್ಲಿ ನಿಲ್ಲುವುದಿಲ್ಲ. ಎಲ್‌ಎಲ್‌ವಿಎಂನದೇ ಡಿಬಗರ್ ಆದ ಎಲ್‌ಎಲ್‌ಡಿಬಿ ಮಾತ್ರ ರೆಜೆಕ್ಸ್ ಕೊಟ್ಟರೂ ಒಂದೇ ಬ್ರೇಕ್‌ಪಾಯಿಂಟ್ ಇಟ್ಟುಕೊಂಡು, ಒಳಗೆ 1.1, 1.2 ಅಂತ ಜಾಗಗಳನ್ನು ಜೋಡಿಸುತ್ತದೆ. ಹೊಸ ಲೈಬ್ರರಿ ಬಂದರೆ ಜಾಗಗಳೂ ಸೇರಿಕೊಳ್ಳುತ್ತವೆ. ಅಳಿಸಲು ಒಂದು ಕಮಾಂಡ್ ಸಾಕು. ದಯವಿಟ್ಟು ಈ ದಾರಿಯನ್ನೇ ಹಿಡಿಯಿರಿ. ಇದನ್ನು ಆಮೇಲೆ ಸೇರಿಸುತ್ತೇನೆ ಅಂದರೆ ಅರ್ಧ ಕೋಡ್ ಬಿಚ್ಚಬೇಕಾಗುತ್ತದೆ.

ಎಲ್‌ಎಲ್‌ಡಿಬಿಯ ಇನ್ನೊಂದು ನಡೆಯೂ ಸರಿಯಾಗಿದೆ. ಸೋರ್ಸ್ ಸಾಲಿನ ರೆಜೆಕ್ಸ್‌ಗೆ ‘-ಪಿ’ ಇದೆ, ‘-ಎಫ್’ ಇಂದ ಫೈಲ್ ಕೊಡುತ್ತೀರಿ. ಫೈಲ್ ಕೊಡದಿದ್ದರೆ ಆಗಿನ ಡೀಫಾಲ್ಟ್ ಫೈಲ್ ಒಂದರಲ್ಲೇ ಹುಡುಕುತ್ತದೆ. ಎಲ್ಲ ಫೈಲ್ ಬೇಕಿದ್ದರೆ ‘-ಎ’ (ದೊಡ್ಡ ಅಕ್ಷರದ ಎ) ಅಂತ ಬಾಯಿಬಿಟ್ಟು ಕೇಳಬೇಕು. ಪ್ಯಾಟರ್ನ್‌ನಲ್ಲಿ ಬೆರಳು ತಪ್ಪಿದರೂ ಇಡೀ ಪ್ರಾಜೆಕ್ಟ್ ತುಂಬ ಬ್ರೇಕ್‌ಪಾಯಿಂಟ್ ಬೀಳುವುದಿಲ್ಲ.

ಬ್ರೇಕ್‌ಪಾಯಿಂಟ್ ಇಟ್ಟ ಕೂಡಲೇ ‘3 ಫೈಲ್, 7 ಜಾಗ’ ಅಂತ ಒಂದು ಸಾಲು ತೋರಿಸಿ. ಸೊನ್ನೆ ಬಂದರೆ ಅದನ್ನೂ ಹೇಳಿ, ಬ್ರೇಕ್‌ಪಾಯಿಂಟ್ ಪೆಂಡಿಂಗ್ ಇರಲಿ. ಜಿಡಿಬಿಯ ‘ಇನ್ಫೋ ಸೋರ್ಸಸ್’ ಥರ ಫೈಲ್ ಪಟ್ಟಿ ತೋರಿಸುವ ಕಮಾಂಡ್ ಒಂದನ್ನು ಕೊಡಿ, ಆದರೆ ಅದು ಬ್ರೇಕ್ ಬಳಸುವ ಅದೇ ಹೋಲಿಕೆಯ ಫಂಕ್ಷನ್ನನ್ನೇ ಕರೆಯಬೇಕು. ಆಗ ಬಳಸುವವರು ಪ್ಯಾಟರ್ನ್ ಅನ್ನು ಮೊದಲು ಅಲ್ಲಿ ಹೊಡೆದು ನೋಡಿ, ಅದನ್ನೇ ಬ್ರೇಕ್‌ಗೆ ತಂದು ಅಂಟಿಸಬಹುದು.