ಎಂಟು ಹುಡುಗರ ಆಧಾರ್ ಕಾರ್ಡ್ ನಿಮ್ಮ ಬೀರುವಿನಲ್ಲಿ ಏಕಿದೆ?

ಮೇ ತಿಂಗಳ ಮನೆ ಸಾಗಣೆಯ ಸೀಸನ್ನಿಗೆ ಎಂಟು ಜನ ಲೋಡಿಂಗ್ ಹುಡುಗರನ್ನು ಕರೆತರಲು ಮೇಸ್ತ್ರಿಗೆ ಮೂರು ಲಕ್ಷ ರೂಪಾಯಿ ಮುಂಗಡ ಕೊಟ್ಟಿದ್ದೇನೆ, ಅವರ ಮೂಲ ಆಧಾರ್ ಕಾರ್ಡುಗಳು ನನ್ನ ಕಚೇರಿಯ ಬೀರುವಿನಲ್ಲಿ ಭದ್ರವಾಗಿವೆ, ನಡುವೆ ಓಡಿಹೋಗದಂತೆ ಬಾಂಡ್ ಪೇಪರಿನಲ್ಲಿ ಏನು ಬರೆಸಿಕೊಳ್ಳಬೇಕು ಎಂದು ನೀವು ನಮ್ಮ ಈ ಗುಂಪಿನಲ್ಲಿ ಕೇಳಿದ್ದೀರಿ. ಅದರ ಕೆಳಗೆ ಇಬ್ಬರು ಹಿರಿಯರು ನೂರು ರೂಪಾಯಿಯ ಛಾಪಾ ಕಾಗದಕ್ಕೆ ಬೇಕಾದ ಒಕ್ಕಣೆಯನ್ನೇ ಹಾಕಿದ್ದಾರೆ; ಮತ್ತೊಬ್ಬರು ಖಾಲಿ ಚೆಕ್ಕಿಗೆ ಸಹಿ ಮಾಡಿಸಿಕೊಳ್ಳಿ ಎಂದಿದ್ದಾರೆ. ಹಿರಿಯರು ಬೇಸರಪಟ್ಟುಕೊಂಡರೂ ಚಿಂತೆಯಿಲ್ಲ, ಆ ಒಕ್ಕಣೆಯನ್ನು ದಯವಿಟ್ಟು ಬಳಸಬೇಡಿ. ಏಳು ವರ್ಷಗಳ ಹಿಂದೆ ನಾನು ಹೆಚ್ಚುಕಡಿಮೆ ಅದೇ ಮಾತುಗಳನ್ನು ಬರೆಸಿದ್ದೆ.

ಆಗ ನನ್ನ ಬಳಿ ಎರಡು ಐಷರ್ ಲಾರಿಗಳು ಮತ್ತು ಒಂದು ಟಾಟಾ ಏಸ್ ಇದ್ದವು. ಹನ್ನೊಂದು ಜನ ಹುಡುಗರಿಗೆಂದು ಮೇಸ್ತ್ರಿಯ ಕೈಗೆ ಎರಡೂವರೆ ಲಕ್ಷ ಕೊಟ್ಟು, ಪ್ರತಿ ಶನಿವಾರ ಕೂಲಿಯ ಮೊತ್ತವನ್ನೂ ಅವನಿಗೇ ಒಟ್ಟಾಗಿ ಕೊಡುತ್ತಿದ್ದೆ. ಅವನು ಅದರಲ್ಲಿ ಊಟ, ರೂಮಿನ ಬಾಡಿಗೆ, ಊರಿನಿಂದ ಬಂದ ರೈಲಿನ ಖರ್ಚು ಎಲ್ಲವನ್ನೂ ಹಿಡಿದುಕೊಂಡು ಉಳಿದದ್ದನ್ನು ಹಂಚುತ್ತಿದ್ದ. ಒಂದು ಅಪಾರ್ಟ್‌ಮೆಂಟಿನಲ್ಲಿ ಲಿಫ್ಟ್ ಬಳಸಲು ಬಿಡದೆ ಮೆಟ್ಟಿಲಿನ ಮೇಲೆ ಇಳಿಸುವಾಗ 55 ಇಂಚಿನ ಟಿವಿ ಒಡೆಯಿತು. ನಾನು ಅದರ 42,000 ರೂಪಾಯಿಯನ್ನು ಮೇಸ್ತ್ರಿಯ ಲೆಕ್ಕದಲ್ಲಿ ಕಳೆದೆ, ಅವನು ಅದನ್ನು ನಾಲ್ಕು ಹುಡುಗರ ಹೆಸರಿಗೆ ಬರೆದ. ಲಿಫ್ಟ್ ಕೊಡದಿದ್ದವರು ಅಸೋಸಿಯೇಷನ್ನಿನವರು, ಫೋಮ್ ಮೂಲೆಗಳ ಖರ್ಚು ಉಳಿಸಲು ಹೋಗಿದ್ದವನು ನಾನು, ಸಾಲ ಬಿದ್ದದ್ದು ಹುಡುಗರಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಆ ನಾಲ್ವರಲ್ಲಿ ಒಬ್ಬನ ತಂದೆ ತೀರಿಕೊಂಡ ಸುದ್ದಿ ಒಂದು ಬೆಳಿಗ್ಗೆ ಬಂತು. ಅವನು ಊರಿಗೆ ಹೊರಟಾಗ ಮೇಸ್ತ್ರಿ ನನಗೆ ಕರೆ ಮಾಡಿ, ಇನ್ನೂ 31,000 ಬಾಕಿ ಇದೆ, ಏನು ಮಾಡಲಿ ಎಂದು ಕೇಳಿದ. ಆ ದಿನ ಮೂರು ಮನೆ ಖಾಲಿ ಮಾಡಿಸುವ ಕೆಲಸವಿತ್ತು. ನಾನು, "ಲೆಕ್ಕ ಚುಕ್ತಾ ಮಾಡಿ ಹೋಗಲಿ" ಎಂದು ಹೇಳಿ ಫೋನ್ ಇಟ್ಟೆ. ಹುಡುಗ ಹೋಗಲಿಲ್ಲ, ಜಯನಗರದ ಒಂದು ಮನೆಯಲ್ಲಿ ಅಳುತ್ತಲೇ ಪಾತ್ರೆಗಳನ್ನು ಕಾಗದದಲ್ಲಿ ಸುತ್ತಿದ. ಆ ಮನೆಯ ತಾಯಿ ರಾತ್ರಿ ನನಗೆ ಕರೆ ಮಾಡಿ, ಆ ಹುಡುಗನ ಆಧಾರ್ ಮತ್ತು ಎಟಿಎಂ ಕಾರ್ಡು ಯಾರ ಹತ್ತಿರ ಇವೆ ಎಂದಷ್ಟೇ ಕೇಳಿದರು. ಮರುದಿನ ಮೇಸ್ತ್ರಿಯ ಪುಸ್ತಕವನ್ನು ತರಿಸಿ ಕುಳಿತಾಗ ತಿಳಿದದ್ದು ಇಷ್ಟು: ಹುಡುಗನ ಕೈಗೆ ಮೊದಲು ಸಿಕ್ಕ ಮುಂಗಡ 8,000 ಮಾತ್ರ, ಮತ್ತು ನಾಲ್ಕು ತಿಂಗಳು ದುಡಿದ ಮೇಲೆ ಹನ್ನೊಂದು ಜನರಲ್ಲಿ ಒಬ್ಬನ ಸಾಲವೂ ಕಡಿಮೆಯಾಗಿರಲಿಲ್ಲ, ಎಲ್ಲರದ್ದೂ ಏರಿತ್ತು. ಅವನನ್ನು ಊರಿಗೆ ಕಳುಹಿಸುವ ಹೊತ್ತಿಗೆ ತಂದೆಯ ಸಂಸ್ಕಾರ ಮುಗಿದು ಎರಡು ದಿನವಾಗಿತ್ತು.

ಜೀತ ಎಂದರೆ ಗೌಡರ ಕೊಟ್ಟಿಗೆಯಲ್ಲಿ ಸಗಣಿ ಬಾಚುವುದು, ಇಟ್ಟಿಗೆ ಗೂಡಿನಲ್ಲಿ ಮಣ್ಣು ತುಳಿಯುವುದು ಎಂದು ನಾನು ತಿಳಿದಿದ್ದೆ. 1976ರ ಜೀತ ಪದ್ಧತಿ ನಿರ್ಮೂಲನಾ ಕಾಯ್ದೆಯನ್ನು ಒಮ್ಮೆ ಓದಿದರೆ ಆ ಭ್ರಮೆ ಹೋಗುತ್ತದೆ. ಮುಂಗಡದ ಕಾರಣಕ್ಕೆ ಒಬ್ಬನು ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಯಬೇಕಾದರೆ, ಅಥವಾ ಬೇರೆ ಕಡೆ ಕೆಲಸಕ್ಕೆ ಹೋಗುವ ಸ್ವಾತಂತ್ರ್ಯ ಕಳೆದುಕೊಂಡರೆ, ಅಥವಾ ತನಗೆ ಬೇಕಾದಲ್ಲಿಗೆ ಓಡಾಡುವ ಹಕ್ಕು ಕಳೆದುಕೊಂಡರೆ, ಅದು ಜೀತ. ಇವುಗಳಲ್ಲಿ ಒಂದಿದ್ದರೂ ಸಾಕು, ಬೀಗ ಹಾಕಿದ ಕೋಣೆಯಾಗಲಿ ಹೊಡೆತವಾಗಲಿ ಇರಬೇಕೆಂದಿಲ್ಲ. ನೀವು ಬರೆಸಲು ಹೊರಟಿರುವ ಬಾಂಡಿನಲ್ಲಿ "ಮುಂಗಡ ತೀರುವವರೆಗೆ ಬೇರೆಲ್ಲೂ ಕೆಲಸ ಮಾಡತಕ್ಕದ್ದಲ್ಲ" ಎಂಬ ಸಾಲು ಇದೆಯಲ್ಲ, ಆ ಒಂದು ಸಾಲಿನಲ್ಲಿ ನೀವೇ ತಪ್ಪೊಪ್ಪಿಗೆಯನ್ನು ಛಾಪಾ ಕಾಗದದ ಮೇಲೆ ಬರೆದುಕೊಟ್ಟಂತಾಗುತ್ತದೆ. ಅಂಥ ಕರಾರು ಕಾನೂನಿನ ಮುಂದೆ ಶೂನ್ಯ, ಅಂಥ ಸಾಲ ತಾನಾಗಿಯೇ ರದ್ದು, ಮತ್ತು ಅದು ಜೀತದ ಸಾಲವಲ್ಲ ಎಂದು ಸಾಬೀತು ಮಾಡುವ ಹೊಣೆ ಸಾಲ ಕೊಟ್ಟವರದ್ದೇ. ಏಷ್ಯನ್ ಕ್ರೀಡಾಕೂಟದ ಕಟ್ಟಡ ಕಾರ್ಮಿಕರ ಪ್ರಕರಣದಲ್ಲಿ 1982ರಲ್ಲಿಯೇ ಸುಪ್ರೀಂ ಕೋರ್ಟ್, ಹೊಟ್ಟೆಪಾಡಿನ ಒತ್ತಡದಿಂದ ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಯುವುದೂ ಸಂವಿಧಾನದ 23ನೇ ವಿಧಿಯ ಪ್ರಕಾರ ಬಲವಂತದ ದುಡಿಮೆಯೇ ಎಂದು ಹೇಳಿದೆ.

"ಕೊಟ್ಟದ್ದು ಮೇಸ್ತ್ರಿಗೆ, ನನಗೇನು ಸಂಬಂಧ" ಎಂಬ ಮಾತು ಈ ಗುಂಪಿನಲ್ಲಿ ವಾರಕ್ಕೊಮ್ಮೆ ಬರುತ್ತದೆ. ಈ ಕಾಯ್ದೆಯಲ್ಲಿ ಕುಮ್ಮಕ್ಕಿಗೂ ಅಪರಾಧದಷ್ಟೇ ಶಿಕ್ಷೆ, ಎಂದರೆ ಮೂರು ವರ್ಷದವರೆಗೆ ಜೈಲು ಮತ್ತು ಎರಡು ಸಾವಿರ ರೂಪಾಯಿವರೆಗೆ ದಂಡ. ಎರಡು ಸಾವಿರ ಎಂದು ಕೇಳಿ ನಗುವವರು ಗಮನಿಸಬೇಕು: ಹುಡುಗರು ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿದ್ದರೆ ದೌರ್ಜನ್ಯ ತಡೆ ಕಾಯ್ದೆ ಬರುತ್ತದೆ, ಮೋಸದಿಂದ ಕರೆತಂದದ್ದಾದರೆ ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಂ ಬರುತ್ತದೆ, ಅದರಲ್ಲಿ ಒಬ್ಬರಿಗಿಂತ ಹೆಚ್ಚು ಜನರನ್ನು ಸಾಗಿಸಿದ್ದಕ್ಕೆ ಕನಿಷ್ಠ ಹತ್ತು ವರ್ಷ. ಹುಡುಗರೇ ಒಪ್ಪಿ ಬಂದಿದ್ದರು ಎಂಬ ವಾದ ಅಲ್ಲಿ ನಡೆಯುವುದಿಲ್ಲ.

ಈಗ ನಾನು ಮಾಡುವ ಕ್ರಮವನ್ನು ಹೇಳುತ್ತೇನೆ. ಇದಕ್ಕೆ ನನ್ನ ಅಣ್ಣ "ನಿನ್ನ ಹುಚ್ಚು" ಎನ್ನುತ್ತಾನೆ. ಪ್ರತಿ ಹುಡುಗನಿಗೂ ಒಂದು ಕಿರುಪುಸ್ತಕ, ಅದು ಅವನ ಜೇಬಿನಲ್ಲೇ ಇರಬೇಕು, ನನ್ನ ಮೇಜಿನಲ್ಲಲ್ಲ. ಅದರಲ್ಲಿ ಆ ದಿನ ಕೆಲಸ ಶುರುವಾದ ಹೊತ್ತು, ಮುಗಿದ ಹೊತ್ತು, ಕೂಲಿ, ಪಡೆದ ಕೈಗಡ, ಉಳಿದ ಬಾಕಿ ಇಷ್ಟನ್ನು ಸೂಪರ್‌ವೈಸರ್ ಬರೆದು ಸಹಿ ಮಾಡುತ್ತಾನೆ. ಹುಡುಗನಿಗೆ ಕನ್ನಡ ಬಾರದಿದ್ದರೆ ಅಂಕಿಗಳು ಅವನು ಓದುವ ಲಿಪಿಯಲ್ಲಿ. ಕೂಲಿ ಶನಿವಾರ ಸಂಜೆಯೊಳಗೆ ನೇರವಾಗಿ ಅವನ ಖಾತೆಗೆ ಹೋಗುತ್ತದೆ. ಮೇಸ್ತ್ರಿಯ ಕಮಿಷನ್ನನ್ನು ನಾನೇ ಬೇರೆಯಾಗಿ, ತಲೆಗೆ ದಿನಕ್ಕಿಷ್ಟು ಎಂದು ಕೊಡುತ್ತೇನೆ, ಹುಡುಗರ ಕೂಲಿಯಲ್ಲಿ ಅವನು ಒಂದು ರೂಪಾಯಿ ಮುಟ್ಟುವಂತಿಲ್ಲ. ಮುಂಗಡ ಬೇಕಾದವನಿಗೆ ಹದಿನೈದು ದಿನದ ಕೂಲಿಯಷ್ಟು ಮಾತ್ರ, ಬಡ್ಡಿ ಇಲ್ಲ, ವಾರದ ಕೂಲಿಯ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಕಡಿತವಿಲ್ಲ, ಮತ್ತು ಪುಸ್ತಕದ ಮೊದಲ ಪುಟದಲ್ಲೇ "ಬಿಟ್ಟು ಹೋದರೆ ಬಾಕಿ ಮನ್ನಾ" ಎಂದು ಅಚ್ಚಾಗಿದೆ. ಇದನ್ನು ಕೇಳಿದವರೆಲ್ಲ ನನ್ನನ್ನು ದಡ್ಡ ಎಂದರು. ಕಳೆದ ಮೂರು ವರ್ಷಗಳಲ್ಲಿ ಹೀಗೆ ಮುಳುಗಿದ ಹಣ ಒಟ್ಟು 38,000. ಮೊದಲು ಒಬ್ಬ ಮೇಸ್ತ್ರಿ ಒಂದೇ ಸಲ ಅದಕ್ಕಿಂತ ಹೆಚ್ಚನ್ನು ನುಂಗಿದ್ದ. ಬಾಕಿ ಇಲ್ಲದ ಹುಡುಗ ಓಡಿಹೋಗುವುದಿಲ್ಲ, ಹೇಳಿ ಹೋಗುತ್ತಾನೆ, ಬಹಳ ಸಲ ಮರಳಿ ಬರುತ್ತಾನೆ. ಆದರೂ ಮೇ ತಿಂಗಳಲ್ಲಿ ಇಬ್ಬರು ಮೂವರು ಕಡಿಮೆಯಾಗುವುದು ಖಂಡಿತ, ಅದಕ್ಕೆ ತಕ್ಕಂತೆ ಬುಕಿಂಗ್ ತೆಗೆದುಕೊಳ್ಳಬೇಕು.

ಖಾತೆ ಇಲ್ಲದವರಿಗೆ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಸುಲಭ, ಅಂಚೆಯವರು ಬೆರಳಚ್ಚು ಪಡೆದು ಇದ್ದಲ್ಲಿಯೇ ತೆರೆದುಕೊಡುತ್ತಾರೆ. ಹಾಜರಾತಿ ಆ್ಯಪ್‌ಗಳ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ: ಅವುಗಳಲ್ಲಿ ಮಾಲೀಕನಿಗೆ ಎಲ್ಲವೂ ಕಾಣುತ್ತದೆ, ಹುಡುಗನಿಗೆ ಏನೂ ಕಾಣುವುದಿಲ್ಲ, ಒಂದು ಕ್ಲಾಸ್‌ಮೇಟ್ ನೋಟ್‌ಬುಕ್ ಅದಕ್ಕಿಂತ ಮೇಲು. ಖಾತೆಗೆ ಹಾಕಿದರೆ ಎಲ್ಲ ಮುಗಿಯಿತು ಎಂದೂ ತಿಳಿಯಬೇಡಿ. ಐದು ಜನರ ಖಾತೆಗೆ ಒಂದೇ ಮೊಬೈಲ್ ಸಂಖ್ಯೆ ಜೋಡಣೆಯಾಗಿದ್ದರೆ, ಅಥವಾ ಎಟಿಎಂ ಕಾರ್ಡುಗಳೆಲ್ಲ ಒಂದೇ ಪರ್ಸಿನಲ್ಲಿ ಇದ್ದರೆ, ಹಣ ಸುತ್ತಿ ಬಳಸಿ ಮೇಸ್ತ್ರಿಗೇ ಸೇರುತ್ತಿದೆ ಎಂದರ್ಥ. ಅದಕ್ಕಾಗಿ ತಿಂಗಳಿಗೊಮ್ಮೆ ಮೇಸ್ತ್ರಿಯನ್ನು ಬೇರೆ ಕೆಲಸಕ್ಕೆ ಕಳುಹಿಸಿ, ಒಬ್ಬೊಬ್ಬ ಹುಡುಗನ ಜೊತೆ ಚಹಾ ಕುಡಿಯುತ್ತಾ ಮಾತನಾಡಿ. ಹಿಂದಿ ಅಥವಾ ಒಡಿಯಾ ನಿಮಗೆ ಬಾರದಿದ್ದರೆ ಅದೇ ಭಾಷೆಯ ಬೇರೆಯವರನ್ನು ಕರೆಯಿರಿ, ಮೇಸ್ತ್ರಿಯ ಬಾಮೈದನನ್ನಲ್ಲ. ಮಲಗುವ ಜಾಗವನ್ನೂ ಸ್ವತಃ ನೋಡಿ. ಹಗಲಿನಲ್ಲಿ ಲಾರಿಗೆ ಊರೊಳಗೆ ಪ್ರವೇಶವಿಲ್ಲ ಎಂದು ರಾತ್ರಿ ಲೋಡ್ ಮಾಡಿಸಿ, ಬೆಳಿಗ್ಗೆ ಅಪಾರ್ಟ್‌ಮೆಂಟಿನ ಗೇಟ್ ತೆರೆಯುವವರೆಗೆ ಅವರನ್ನು ಬಾಡಿಯೊಳಗೆ ಮಲಗಿಸುವವರು ಆ ಗಂಟೆಗಳನ್ನೂ ಕೂಲಿಗೆ ಸೇರಿಸಬೇಕು.

ಒಡೆದ ಸಾಮಾನಿನ ವಿಷಯದಲ್ಲಿ ನಾನು ಹಟಮಾರಿ. ಸಾಗಣೆ ವಿಮೆ ಮಾಡಿಸದೆ ಹುಡುಗರ ಬೆನ್ನನ್ನೇ ವಿಮೆ ಮಾಡಿಕೊಂಡಿರುವ ಮಾಲೀಕರು ನಮ್ಮಲ್ಲಿ ಬಹಳ. ಕಾನೂನಿನ ಪ್ರಕಾರ ನಷ್ಟಕ್ಕೆ ಕೂಲಿ ಕಡಿಯಬೇಕಾದರೆ ಅದು ಅವನ ನಿರ್ಲಕ್ಷ್ಯದಿಂದಲೇ ಆಗಿರಬೇಕು, ಅವನ ಮಾತನ್ನು ಕೇಳಿರಬೇಕು. ನಾನು ಕಡಿಯುವುದನ್ನೇ ಬಿಟ್ಟಿದ್ದೇನೆ. ಟಿವಿಗೆ ಮರದ ಕ್ರೇಟು, ಮೂಲೆಗೆ ದಪ್ಪ ಫೋಮ್, ಮೂರು ಸುತ್ತು ಬಬಲ್ ರ‍್ಯಾಪ್ ಹಾಕಿಸಿದ ಮೇಲೆ ಒಡೆಯುವುದೂ ಕಡಿಮೆಯಾಗಿದೆ. ಗಿರಾಕಿಗಳು ಕೊಡುವ ಟಿಪ್ಸ್ ಕೂಡ ಹುಡುಗರ ಕೈಗೇ ಹೋಗಲಿ.

ಆ ಕ್ರೇಟು ಎಲ್ಲಿಂದ ಬರುತ್ತದೆ ಎಂಬುದನ್ನೂ ನೋಡಬೇಕು. ನಾನು ಕ್ರೇಟು ಕೊಳ್ಳುತ್ತಿದ್ದ ಒಂದು ಶೆಡ್ಡಿನಲ್ಲಿ ದರ ಎಲ್ಲರಿಗಿಂತ ಕಡಿಮೆ ಇತ್ತು, ಎಷ್ಟು ಕಡಿಮೆ ಎಂದರೆ ಹಲಗೆ ಮತ್ತು ಮೊಳೆಯ ಬೆಲೆ ಕಳೆದರೆ ಕೂಲಿಗೆ ಏನೂ ಉಳಿಯುವಂತಿರಲಿಲ್ಲ. ಅದನ್ನು ಲೆಕ್ಕ ಹಾಕಲು ನನಗೆ ಎರಡು ವರ್ಷ ಬೇಕಾಯಿತು. ಹೇಳದೆ ಹೋಗಿ ನೋಡಿದಾಗ ಮರದ ರಾಶಿಯ ಹಿಂದೆ ಮೂರು ಕುಟುಂಬಗಳು ವಾಸವಿದ್ದವು, ಹನ್ನೆರಡರ ಹುಡುಗಿ ಮೊಳೆ ಕೀಳುತ್ತಿದ್ದಳು, ಸಂತೆಗೆ ಹೋಗಬೇಕಾದರೂ ಮನೆಯವರಲ್ಲಿ ಒಬ್ಬರು ಶೆಡ್ಡಿನಲ್ಲೇ ಉಳಿಯಬೇಕಿತ್ತು. ಇಂಥದ್ದು ಕಂಡಾಗ ಆರ್ಡರ್ ರದ್ದು ಮಾಡಿ ಕೈತೊಳೆದುಕೊಳ್ಳುವುದು ಕೆಟ್ಟ ದಾರಿ, ಮಾಲೀಕನ ಜೊತೆ ಜಗಳವಾಡುವುದು ಅದಕ್ಕಿಂತ ಕೆಟ್ಟದ್ದು. ಸುಳಿವು ಸಿಕ್ಕರೆ ರಾತ್ರೋರಾತ್ರಿ ಕುಟುಂಬಗಳನ್ನು ಬೇರೆಡೆ ಸಾಗಿಸುತ್ತಾರೆ. ಸುಮ್ಮನೆ ಹಿಂದಿರುಗಿ ಜಿಲ್ಲಾಧಿಕಾರಿ ಅಥವಾ ಉಪವಿಭಾಗಾಧಿಕಾರಿಯ ಕಚೇರಿಗೆ ಲಿಖಿತ ದೂರು ಕೊಡಿ, ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಕರೆ ಮಾಡಿ, ಮಕ್ಕಳಿದ್ದರೆ 1098. ಬಿಡುಗಡೆಯಾದವರಿಗೆ ಕೇಂದ್ರದ ಪುನರ್ವಸತಿ ಯೋಜನೆಯಲ್ಲಿ 30,000 ರೂಪಾಯಿವರೆಗೆ ತಕ್ಷಣದ ನೆರವು ಇದೆ. ಜೀತದಿಂದ ಬಿಡುಗಡೆಯಾದವರು ಎಂದು ಅಧಿಕಾರಿ ಕೊಡುವ ಬಿಡುಗಡೆ ಪತ್ರ ಕೈಗೆ ಬರುವವರೆಗೆ ಬೆನ್ನು ಬಿಡಬಾರದು, ಅದಿಲ್ಲದೆ ಮುಂದಿನ ಯಾವ ಹಣವೂ ಬರುವುದಿಲ್ಲ. ರಟ್ಟಿನ ಪೆಟ್ಟಿಗೆಯವರು, ದೂರದ ಟ್ರಿಪ್ಪಿಗೆ ಬಾಡಿಗೆ ಲಾರಿ ಕೊಡುವವರು, ಗೋದಾಮಿಗೆ ಕಾವಲಿನವರನ್ನು ಕಳುಹಿಸುವ ಏಜೆನ್ಸಿಯವರು ಇವರೆಲ್ಲರಿಗೂ ಇದೇ ಲೆಕ್ಕ: ಅವರ ದರದಲ್ಲಿ ಕನಿಷ್ಠ ಕೂಲಿ ಹಿಡಿಯುತ್ತದೆಯೇ ಎಂದು ಮೊದಲು ಕೂಡಿ ಕಳೆದು ನೋಡಿ. ಏಪ್ರಿಲ್‌ನಲ್ಲಿ ಕನಿಷ್ಠ ಕೂಲಿಯ ತುಟ್ಟಿಭತ್ಯೆ ಏರುತ್ತದೆ, ಆಗ ದರ ಏರಿಸಿ ಎಂದು ಅವರು ಕೇಳಿದರೆ ಒಪ್ಪದೆ ಚೌಕಾಸಿ ಮಾಡುವವರು ನಾವೇ ಎಂಬುದೂ ನೆನಪಿರಲಿ.

ವಿದೇಶಿ ಕಂಪನಿಗಳ ಕೆಲಸ ಹಿಡಿದವರಿಗೆ ಆಧುನಿಕ ಗುಲಾಮಗಿರಿಯ ಕುರಿತ ಪ್ರಶ್ನಾವಳಿ ಬರುತ್ತದೆ. ಬ್ರಿಟನ್ನಿನ 2015ರ ಕಾಯ್ದೆಯ ಪ್ರಕಾರ ವರ್ಷಕ್ಕೆ 3.6 ಕೋಟಿ ಪೌಂಡ್ ಅಥವಾ ಅದಕ್ಕೂ ಹೆಚ್ಚು ವಹಿವಾಟಿರುವ ಕಂಪನಿಗಳು ಪ್ರತಿವರ್ಷ ಹೇಳಿಕೆ ಪ್ರಕಟಿಸಬೇಕಾದ್ದರಿಂದ ಅವರು ನಮ್ಮಂಥವರನ್ನು ಕೇಳುತ್ತಾರೆ. ನಾನು ಆ ಹನ್ನೊಂದು ಹುಡುಗರಿದ್ದ ವರ್ಷವೇ ಎಲ್ಲ ಪ್ರಶ್ನೆಗೂ "ನಮ್ಮಲ್ಲಿ ಇಲ್ಲ" ಎಂದು ಗುರುತು ಹಾಕಿ ಕಳುಹಿಸಿದ್ದೆ, ಯಾರೂ ಮರುಪ್ರಶ್ನೆ ಹಾಕಲಿಲ್ಲ. ಹಾಗಾಗಿ ಆ ಕಾಗದವನ್ನು ತುಂಬಿ ನಿಶ್ಚಿಂತರಾಗಬೇಡಿ.

ನಿಮ್ಮ ವಿಷಯಕ್ಕೆ ಬರುತ್ತೇನೆ. ಇಂದು ಸಂಜೆಯೇ ಎಂಟೂ ಆಧಾರ್ ಕಾರ್ಡುಗಳನ್ನು ಮೇಸ್ತ್ರಿಯ ಮೂಲಕವಲ್ಲದೆ ಹುಡುಗರ ಕೈಗೇ ಕೊಡಿ. ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕೇಳುತ್ತಾರೆಂದಾದರೆ ಸಂಖ್ಯೆ ಮರೆಮಾಡಿದ ಪ್ರತಿ ಸಾಕು. ಮೂರು ಲಕ್ಷದಲ್ಲಿ ಯಾರಿಗೆ ಎಷ್ಟು ಸಿಕ್ಕಿತು ಎಂದು ಒಬ್ಬೊಬ್ಬರನ್ನೇ ಕೇಳಿ, ಅವರು ಹೇಳಿದ ಮೊತ್ತವನ್ನು ಮಾತ್ರ ಅವರ ಪುಸ್ತಕದಲ್ಲಿ ಬರೆಯಿರಿ. ಉಳಿದದ್ದು ನಿಮಗೂ ಮೇಸ್ತ್ರಿಗೂ ನಡುವಿನ ಲೆಕ್ಕ. ಅದನ್ನು ನೀವು ಅವನ ಕಮಿಷನ್ನಿನಲ್ಲಿ ಮುರಿದುಕೊಳ್ಳುತ್ತೀರೋ, ಕಳೆದುಹೋಯಿತೆಂದು ಬಿಡುತ್ತೀರೋ ನಿಮಗೆ ಬಿಟ್ಟದ್ದು, ಹುಡುಗರ ಕೂಲಿಗೆ ಮಾತ್ರ ಅದನ್ನು ತರಬೇಡಿ. ಪುಸ್ತಕದ ಪುಟದ ಮಾದರಿ ಬೇಕಾದರೆ ತಿಳಿಸಿ, ನನ್ನದರ ಫೋಟೋ ಇಲ್ಲಿಯೇ ಹಾಕುತ್ತೇನೆ.